ಅಕ್ಕಯ್ಯಮ್ಮನ ಎಡಗಾಲು

ಬಗ್ಗಿದ ಲಕ್ಷ್ಮಣಪ್ಪ ಮೇಲೇಳಲಿಲ್ಲ. ದೇವನಹಳ್ಳಿಯ ಮೈದಾನದಲ್ಲಿ ಐನೂರು ಜನರ ಎದುರಿಗೆ, ಮೂರನೆಯ ಆಟ ಇಪ್ಪತ್ತೇಳು ಇಪ್ಪತ್ತೇಳು ಸಮವಾಗಿದ್ದಾಗ, ನೆಟ್ಟಿನ ಅಂಚು ಸವರಿಕೊಂಡು ಬಿದ್ದ ಹಳದಿ ಉಲ್ಲನ್ ಚೆಂಡನ್ನು ಎತ್ತಲು ಹೋದವನು ಹಾಗೇ ನಿಂತುಬಿಟ್ಟ. ಮೊದಲು ಜನ ನಕ್ಕರು. ಎದುರಾಳಿಗಳನ್ನು ಅಣಕಿಸುವುದರಲ್ಲಿ ಲಕ್ಷ್ಮಣಪ್ಪ ಗಟ್ಟಿಗ, ಇದೂ ಅಂಥದ್ದೇ ಒಂದು ಚೇಷ್ಟೆ ಇರಬೇಕು ಎಂದುಕೊಂಡರು. ಆಮೇಲೆ ಅವನ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುವುದು ಕಾಣಿಸಿತು. ಸೊಂಟಕ್ಕೆ ಯಾರೋ ಬೀಗ ಜಡಿದು ಕೀಲಿಕೈ ತೆಗೆದುಕೊಂಡು ಹೋಗಿದ್ದರು.

ಅದು ಅರವತ್ತೇಳನೇ ಇಸವಿಯ ಶಿವರಾತ್ರಿಯ ಪಂದ್ಯ. ಆಗ ಅವನಿಗೆ ನಲವತ್ತೆರಡು. ದೊಡ್ಡಬಳ್ಳಾಪುರದ ನೇಕಾರರ ಬಾಲ್ ಬ್ಯಾಡ್ಮಿಂಟನ್ ತಂಡಕ್ಕೆ ಇಪ್ಪತ್ತು ವರ್ಷದಿಂದ ಅವನೇ ಸೆಂಟರ್ ಆಟಗಾರ. ಐದು ಜನರ ನಟ್ಟನಡುವೆ ನಿಂತು, ಮುಂದಿನವರು ತಪ್ಪಿಸಿಕೊಂಡದ್ದನ್ನೂ ಹಿಂದಿನವರ ಕೈಗೆಟುಕದ್ದನ್ನೂ ಹಿಡಿಯುವವನು. ವಾರವೆಲ್ಲ ಪವರ್‌ಲೂಮಿನ ಮುಂದೆ ನಿಂತು ಲಾಳಿ ಬದಲಾಯಿಸುವುದು, ಕಡಿದ ಎಳೆ ಜೋಡಿಸುವುದು. ಸಂಜೆಯಾದರೆ ಬ್ಯಾಟು. ಮಗ್ಗ ಹೊಟ್ಟೆಗೆ, ಆಟ ಮರ್ಯಾದೆಗೆ ಎನ್ನುತ್ತಿದ್ದ. ಅಂಥವನನ್ನು ಅವತ್ತು ನಾಲ್ಕು ಜನ ಮಡಚಿದ ಮಂಚದಂತೆ ಎತ್ತಿಕೊಂಡು ಹೋಗಿ ಬಸ್ಸಿನ ಹಿಂದಿನ ಸೀಟಿನಲ್ಲಿ ಬೋರಲು ಹಾಕಿದರು. ಅವನ ಜಾಗಕ್ಕೆ ಇಪ್ಪತ್ತೆರಡು ವರ್ಷದ ಮುನಿಸ್ವಾಮಿ ಇಳಿದ. ತಂಡ ಸೋತಿತು. ಒಂದಲ್ಲ ಒಂದು ದಿನ ಸಾಯುತ್ತೇನೆಂಬುದು ಲಕ್ಷ್ಮಣಪ್ಪನಿಗೆ ಗೊತ್ತಿತ್ತು, ಆದರೆ ಬದುಕಿರುವಾಗಲೇ ಸೊಂಟ ಹೀಗೆ ಮಾತು ಕೇಳದೆ ಹೋಗಬಹುದೆಂದು ಯಾರೂ ಹೇಳಿರಲಿಲ್ಲ. ನೋವಿಗಿಂತ ಆ ಬೆರಗೇ ಅವನನ್ನು ಹಣ್ಣು ಮಾಡಿತು.

ಬೆಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ್ದೂ ಆಯಿತು. ಆ ಮನುಷ್ಯ ಒಳ್ಳೆಯವನೇ. ಮಾತ್ರೆ ಬರೆದುಕೊಟ್ಟು, ವಯಸ್ಸಾಗುತ್ತಾ ಬಂತು, ಸೊಂಟದ ಸುತ್ತಲಿನ ಸ್ನಾಯು ಗಟ್ಟಿಯಾಗಬೇಕು, ದಿನವೂ ನಿಧಾನವಾಗಿ ವ್ಯಾಯಾಮ ಮಾಡಿ ಎಂದ. ಲಕ್ಷ್ಮಣಪ್ಪನಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಇಪ್ಪತ್ತು ವರ್ಷದಿಂದ ಆಡೋ ನಂಗೆ ವ್ಯಾಯಾಮ ಮಾಡು ಅಂತಾನಲ್ಲ! ಮೀನಿಗೆ ಈಜು ಹೇಳ್ಕೊಡ್ತಾನಾ?" ಎಂದು ದಾರಿಯುದ್ದಕ್ಕೂ ಬೈದುಕೊಂಡು ಬಂದ. ಮಾತ್ರೆ ನುಂಗಿದ, ವ್ಯಾಯಾಮದ ಮಾತನ್ನು ಬಸ್ ಸ್ಟ್ಯಾಂಡಿನಲ್ಲೇ ಬಿಟ್ಟ. ತಿಂಗಳಾದರೂ ಚೊಂಬು ಹಿಡಿದು ಹಿತ್ತಲಿಗೆ ಹೋಗುವುದಕ್ಕೂ ಗೋಡೆ ಬೇಕಾಗಿತ್ತು.

ಆಗ ಬಾಯಿ ಬಿಟ್ಟವಳು ಅಕ್ಕಯ್ಯಮ್ಮ. ಇವಳು ಲಕ್ಷ್ಮಣಪ್ಪನಿಗೆ ಅಕ್ಕನೂ ಹೌದು, ಅತ್ತೆಯೂ ಹೌದು. ತಾಯಿ ಇಲ್ಲದ ತಮ್ಮನನ್ನು ಸಾಕಿ ಬೆಳೆಸಿ ಕೊನೆಗೆ ತನ್ನ ಮಗಳು ಬನಶಂಕರಿಯನ್ನೇ ಅವನಿಗೆ ಕೊಟ್ಟಿದ್ದಳು. ಹದಿನಾಲ್ಕನೇ ವಯಸ್ಸಿನಲ್ಲಿ ಮದುವೆಯಾಗಿ, ತಾಲ್ಲೂಕಿನದೇ ಆದ ಮಧುರೆ ಹಳ್ಳಿಯಿಂದ ಇಲ್ಲಿಗೆ ಬರುವಾಗ ಎರಡು ವರ್ಷದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದಳಂತೆ. ನೋಡಿದವರು ಮದುವೆ ಹೆಣ್ಣಿನ ಜೊತೆಗೇ ಮಗುವೂ ಬಂತಲ್ಲ ಎಂದು ನಕ್ಕರಂತೆ. ಈಗ ಗಂಡ ತೀರಿಕೊಂಡು ಮಗಳು ಅಳಿಯನ ಜೊತೆ ಒಂದೇ ಮನೆಯಲ್ಲಿದ್ದಳು. ಬೆಳಗಿನಿಂದ ರಾಟೆ ತಿರುಗಿಸಿ ಮಗ್ಗದ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡುವುದು, ಮಧ್ಯಾಹ್ನ ಅರ್ಧ ಗಂಟೆ ಬಾಗಿಲು ಹಾಕಿಕೊಂಡು ಅಮ್ಮನವರ ಜಪ ಮಾಡುವುದು. ಆ ಅರ್ಧ ಗಂಟೆ ಮನೆಗೆ ಬೆಂಕಿ ಬಿದ್ದರೂ ಬಾಗಿಲು ತೆರೆಯುತ್ತಿರಲಿಲ್ಲ.

ಅಕ್ಕಯ್ಯಮ್ಮ ಕಾಲು ಮುಂದಾಗಿ ಹುಟ್ಟಿದವಳು ಎಂಬುದು ಪೇಟೆಗೆಲ್ಲ ಗೊತ್ತು. ಎಲ್ಲರೂ ಲೋಕಕ್ಕೆ ತಲೆ ಕೊಟ್ಟು ಬಂದರೆ ಇಂಥವರು ಕಾಲಿಟ್ಟು ಬರುತ್ತಾರೆ. ಅವರು ಎಡಗಾಲಿನಿಂದ ಮೂರು ಸಲ ಒದ್ದರೆ ಹಿಡಿದ ಸೊಂಟ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಭಾನುವಾರ ಬೆಳಗಾದರೆ ಹಮಾಲಿಗಳು, ಗಾಡಿ ಹೊಡೆಯುವವರು, ಒಂದು ಸಲ ಒಬ್ಬ ಹೆಡ್‌ಮಾಸ್ಟರು ಕೂಡ ಅವಳ ಜಗಲಿಯ ಮೇಲೆ ಬೋರಲು ಮಲಗಿದ್ದುಂಟು. ತಾಯಿಯಂಥ ಅಕ್ಕನ ಕೈಲಿ, ಅದರಲ್ಲೂ ಹೆಣ್ಣು ಕೊಟ್ಟ ಅತ್ತೆಯ ಕೈಲಿ ಒದೆಸಿಕೊಳ್ಳುವುದು ಹೇಗೆಂದು ಲಕ್ಷ್ಮಣಪ್ಪ ನಾಚಿಕೊಂಡು ಕೇಳಿರಲಿಲ್ಲ.

"ಒದೀತೀನಿ. ಆದ್ರೆ ನಿನ್ನದು ಹಮಾಲಿ ಸೊಂಟ ಅಲ್ಲ, ಆಟದ ಸೊಂಟ. ಹಂಗೇ ಒದ್ರೆ ಮುರೀತದೆ. ಮೊದಲು ನಲವತ್ತೆಂಟು ದಿನ ಹದ ಮಾಡ್ಬೇಕು" ಎಂದಳು ಅಕ್ಕಯ್ಯಮ್ಮ.

"ಹದ ಅಂದ್ರೆ?"

"ನಾ ಹೇಳ್ದಂಗೆ ಮಾಡು. ಒಂದು ದಿನ ತಪ್ಪಿದ್ರೂ ಮತ್ತೆ ಒಂದರಿಂದ ಎಣ್ಸೋದು."

ಬೆಳಗಿನ ಐದಕ್ಕೆ ಚಾಪೆ. ಮಲಗಿ ಒಂದು ಮಂಡಿ ಎದೆಗೆ ಎಳೆದುಕೊಂಡು ಹತ್ತು ಎಣಿಸುವುದು, ಆಮೇಲೆ ಇನ್ನೊಂದು. ಬೆಕ್ಕಿನ ಹಾಗೆ ನಾಲ್ಕು ಕಾಲಿನ ಮೇಲೆ ನಿಂತು ಬೆನ್ನನ್ನು ಏರಿಸಿ ಇಳಿಸುವುದು. ಅಂಗಾತ ಮಲಗಿ, ಪಾದ ಊರಿ, ಸೊಂಟವನ್ನಷ್ಟೇ ಮೇಲೆತ್ತುವುದು. ಬೋರಲಾಗಿ ಎದೆಯನ್ನು ಹಾವಿನ ಹೆಡೆಯಂತೆ ನಿಧಾನವಾಗಿ ಎತ್ತುವುದು. ನೋವು ಚುಚ್ಚಿದರೆ ಅಲ್ಲೇ ನಿಲ್ಲಿಸಬೇಕು, ಬರೀ ಎಳೆದರೆ ಮುಂದುವರಿಸಬೇಕು. ಎಲ್ಲ ಮುಗಿದ ಮೇಲೆ ಮಾತಾಡದೆ ನಾಗರಕೆರೆ ಏರಿಯ ಮೇಲೆ ಹೋಗಿ ಬರಬೇಕು. ಇಷ್ಟರ ಮೇಲೆ ಒಂದು ನಿಷೇಧ. ಒದೆ ತಿನ್ನುವ ಸೊಂಟವನ್ನು ಬಗ್ಗಿಸಿದರೆ ದೋಷ, ಆದ್ದರಿಂದ ನೆಲದ ಮೇಲಿನದು ಕಂಡಿಕೆಯಾಗಲಿ, ಚೆಂಡಾಗಲಿ, ಮಂಡಿ ಮಡಚಿಯೇ ಎತ್ತಬೇಕು. ಡಾಕ್ಟರು ಹೇಳಿದಾಗ ಉರಿದುಬಿದ್ದಿದ್ದ ಗಂಡಸು ಇದನ್ನು ವ್ರತವೆಂದು ಭಯಭಕ್ತಿಯಿಂದ ಮಾಡಿದ. ಮಾಡುವುದು ವ್ಯಾಯಾಮ ಎಂದು ಅವನಿಗೆ ಹೊಳೆಯಲೇ ಇಲ್ಲ. ನಾವು ಹೀಗೇ. ವೈದ್ಯ ಹೇಳಿದರೆ ಕಷಾಯ, ದೇವರ ಹೆಸರಾದರೆ ತೀರ್ಥ.

ನಲವತ್ತೆಂಟನೆಯ ದಿನ ಭಾನುವಾರ ಬಿತ್ತು. ಸೂರ್ಯ ಹುಟ್ಟುವ ಮೊದಲು ಅವನನ್ನು ಹೊಸ್ತಿಲಿನ ಒಳಗೆ ಬೋರಲು ಮಲಗಿಸಿ ಅಕ್ಕಯ್ಯಮ್ಮ ಎಡಗಾಲನ್ನು ಎತ್ತಿದಳು. ಮೂರು ಒದೆ. ಒದೆಯೆಂದರೆ ಒದೆಯೂ ಅಲ್ಲ, ಹೊರೆ ಇಳಿಸಿ ಪಾದ ಊರಿದಷ್ಟು. ಲಕ್ಷ್ಮಣಪ್ಪ ಎದ್ದು ನಿಂತ. ನೆಟ್ಟಗೆ. ಕಣ್ಣಲ್ಲಿ ನೀರು ಬಂತು.

"ನಿನ್ನ ಕಾಲಿಗೆ ಬೆಳ್ಳಿ ಕಡಗ ಮಾಡಿಸ್ತೀನಿ ಕಣಕ್ಕಾ!"

"ಮೊದಲು ನಿನ್ನ ಚಡ್ಡಿ ಹರಿದದೆ, ಅದನ್ನ ಹೊಲಿಸ್ಕೋ" ಎಂದಳು ಅವಳು.

ಸೊಂಟ ಸರಿಹೋದ ಮೇಲೆ ವ್ರತ ಯಾಕೆ? ಬಿಟ್ಟ. ಎರಡು ತಿಂಗಳಿಗೆ ಮಗ್ಗದ ಬುಡದಲ್ಲಿ ಬಿದ್ದ ಕಂಡಿಕೆ ಹೆಕ್ಕಲು ಹೋಗಿ ಮತ್ತೆ ಹಿಡಿದುಕೊಂಡಿತು. ಟಾರ್ಚಿನ ಸೆಲ್ಲು ಇಳಿದ ಹಾಗೆ ಒದೆಯ ಶಕ್ತಿ ಇಳಿದಿದೆ ಎಂದುಕೊಂಡು ಅಕ್ಕನ ಹತ್ತಿರ ಹೋದ. ಮತ್ತೆ ನಲವತ್ತೆಂಟು ದಿನ. ಹೀಗೆ ಮೂರು ಸಲವಾದ ಮೇಲೆ ಅವಳೇ ಇನ್ನೊಂದು ಕಟ್ಟಳೆ ಹಾಕಿದಳು. ಆಟ ಬಿಡುವ ತನಕ ಚಾಪೆಯನ್ನೂ ಬಿಡಬಾರದು, ಪ್ರತಿ ಪಂದ್ಯದ ಬೆಳಿಗ್ಗೆ ಮೂರು ಒದೆ. ಆಮೇಲೆ ನೋವು ಬಂದರೂ ನೆಂಟನ ಹಾಗೆ ಬಂದು ಹೋಗುತ್ತಿತ್ತು, ಮನೆಯಳಿಯನಾಗಿ ಕೂರುತ್ತಿರಲಿಲ್ಲ. ಆಡುತ್ತ ಆಡುತ್ತ ಎಪ್ಪತ್ತನೇ ಇಸವಿಯ ಶಿವರಾತ್ರಿ ಬಂತು. ಫೈನಲ್ಲು ಅದೇ ದೇವನಹಳ್ಳಿ ತಂಡದ ಮೇಲೆ, ಅದೇ ಮೈದಾನದಲ್ಲಿ. ತಂಡದ ಕಾರ್ಯದರ್ಶಿ ಆದಿನಾರಾಯಣಪ್ಪ ಮನೆಗೇ ಬಂದು ಮುಜುಗರಪಡುತ್ತ ಹೇಳಿದ: "ಲಕ್ಷ್ಮಣಾ, ಬೇಜಾರು ಮಾಡ್ಕೋಬೇಡ. ನಾಳೆ ಸೊಂಟ ಕೈ ಕೊಟ್ರೆ ಇನ್ಮೇಲೆ ಮುನಿಸ್ವಾಮೀನೇ ಸೆಂಟರು. ಹುಡುಗ್ರೆಲ್ಲ ಮಾತಾಡ್ಕೊಂಡವ್ರೆ."

"ನಾಳೆ ಬೆಳಿಗ್ಗೆ ಅಕ್ಕ ಒದೀತಾಳೆ. ಆಮೇಲೆ ನೋಡ್ಕೊಳ್ಳಿ" ಎಂದ ಲಕ್ಷ್ಮಣಪ್ಪ, ಮೀಸೆ ತಿರುವಿಕೊಂಡು.

ಆದಿನಾರಾಯಣಪ್ಪ ಹೋಗಿ ಸ್ವಲ್ಪ ಹೊತ್ತಾಗಿತ್ತು. ಇಳಿಹೊತ್ತು. ಅಕ್ಕಯ್ಯಮ್ಮ ಕಂಡಿಕೆ ಕೊಟ್ಟು ಬರಲು ಹೋಗಿದ್ದಳು. ಲಕ್ಷ್ಮಣಪ್ಪ ಜಗಲಿಯ ಮೇಲೆ ಕೂತು ಬ್ಯಾಟಿನ ಹಿಡಿಗೆ ದಾರ ಸುತ್ತುತ್ತಿದ್ದ. ಎಂಬತ್ತರ ಹತ್ತಿರದ ಒಬ್ಬ ಮುದುಕಿ ಕೋಲೂರಿಕೊಂಡು, ಮಡಚಿದಂತೆ ಬಗ್ಗಿಕೊಂಡೇ ಬಂದಳು. ಸೊಂಟದವಳು ಎಂದು ಹೇಳುವುದೇ ಬೇಡ.

"ಕಾಲು ಮುಂದಾಗಿ ಹುಟ್ಟಿದೋರು ಇದೇ ಮನೇಲಿರೋದಾ ಮಗಾ?"

"ಇದೇ ಕಣಜ್ಜಿ, ಕೂತ್ಕೋ. ನಮ್ಮಕ್ಕ ಈಗ ಬರ್ತಾಳೆ. ಮೂರು ಒದೆ ಬಿದ್ರೆ ನೀನು ಮನೆಗೆ ಓಡ್ತೀಯಾ."

ಮುದುಕಿ ಜಗಲಿಗೆ ಒರಗಿದಳು. ಹೆಸರು ದ್ಯಾವಮ್ಮ, ಊರು ಮಧುರೆ, ಒಂದು ಕಾಲದಲ್ಲಿ ಸೂಲಗಿತ್ತಿ. ಮೊಮ್ಮಗ ಇಲ್ಲಿ ಮಗ್ಗಕ್ಕೆ ಸೇರಿದ್ದಾನೆ, ಅವನ ಜೊತೆ ಇರಲು ಬಂದಿದ್ದಾಳೆ. ಇಷ್ಟನ್ನೂ ಅವಳೇ ಹೇಳಿಕೊಂಡಳು. ಮಧುರೆ ಎಂದ ಕೂಡಲೆ ಲಕ್ಷ್ಮಣಪ್ಪನಿಗೆ ಖುಷಿಯಾಯಿತು. ಹುಟ್ಟಿದೂರಿನ ನಂಟು ಕಡಿದು ಎಷ್ಟೋ ಕಾಲವಾಗಿತ್ತು. ಅಕ್ಕ ಅವನನ್ನು ಆ ಕಡೆಗೆ ಒಂದು ದಿನವೂ ಕರೆದುಕೊಂಡು ಹೋದವಳಲ್ಲ.

"ಹಂಗಾದ್ರೆ ನಮ್ಮಕ್ಕ ನಿಂಗೆ ಗೊತ್ತಿರ್ಬೇಕು. ಮಗ್ಗದ ಬೈಲಪ್ಪನ ಮಗಳು, ಅಕ್ಕಯ್ಯಮ್ಮ."

ದ್ಯಾವಮ್ಮ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಅಕ್ಕಯ್ಯನಾ? ಅಯ್ಯೋ ನನ್ನಪ್ಪಾ, ಅವಳನ್ನ ಹಿಡಿದೋಳೇ ನಾನು. ತಲೆ ಮುಂದಾಗಿ, ತುಂಬು ಕೂದಲಲ್ಲಿ, ಸಲೀಸಾಗಿ ಬಂದ್ಲು. ಕಾಲು ಮುಂದಾಗಿ ಬಂದಿದ್ದು ಅವಳಲ್ಲ ಕಣೋ, ಅವಳ ತಮ್ಮ. ಎರಡು ದಿನ ನೋವು ತಿಂದ್ಲು ತಾಯಿ. ಕೊನೆಗೆ ಈ ಕೈಲೇ ಕಾಲು ಹಿಡಿದು ಎಳ್ದೆ. ಕೂಸು ಅಳ್ತು, ಅವಳು ಕಣ್ಣು ಮುಚ್ಚಿದ್ಲು. ಕೂಸಿನ ಮುಖಾನೂ ನೋಡ್ಲಿಲ್ಲ, ಪಾಪ." ನಿಟ್ಟುಸಿರು ಬಿಟ್ಟು ಕೇಳಿದಳು: "ಆ ಗಂಡು ಕೂಸು ಬದುಕಿದ್ದಾನಾ ಮಗಾ? ಅವನಿದ್ರೆ ಅವನ ಕಾಲೇ ಬೇಕು ನಂಗೆ."

ಲಕ್ಷ್ಮಣಪ್ಪನ ಕೈಯಲ್ಲಿದ್ದ ದಾರದುಂಡೆ ಉರುಳಿ ಬೀದಿಗೆ ಬಿತ್ತು. ಅದು ಬಿಚ್ಚಿಕೊಂಡು ಚರಂಡಿಯ ತನಕ ಹೋಗುವುದನ್ನು ಅವನು ನೋಡುತ್ತ ಕೂತ. ತಾಯಿ ಸತ್ತದ್ದು ಜ್ವರದಿಂದ, ಅವನಿಗೆ ವರ್ಷ ತುಂಬಿದ ಮೇಲೆ. ಹಾಗೆಂದು ಅಕ್ಕ ಹೇಳಿದ್ದಳು. ಅವ್ವ ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತೀಡುತ್ತಿದ್ದಳು, ನಿನ್ನ ಮೂಗು ನೋಡಿ ನಗುತ್ತಿದ್ದಳು ಎಂದು ಎಷ್ಟು ಸಲ ಹೇಳಿದ್ದಳು. ನಲವತ್ತೈದು ವರ್ಷ ಅವನು ಆ ನಗುವನ್ನು ತನ್ನದೆಂದು ಇಟ್ಟುಕೊಂಡಿದ್ದ.

"ಬದುಕಿದ್ದಾನೆ ಅಜ್ಜಿ. ಆ ಕೂಸು ನಾನೇ."

ಮುದುಕಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. "ನೀನಾ! ನನ್ನ ಕೈಯಾಗಿನ ಕೂಸಾ!" ಎಂದು ಅವನ ಕಾಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಕೋಲು ಪಕ್ಕಕ್ಕಿಟ್ಟು, ನರಳುತ್ತ ಜಗಲಿಯ ಮೇಲೆ ಬೋರಲು ಮಲಗಿಯೇಬಿಟ್ಟಳು. "ಒದಿ ಮಗಾ. ನಾನು ಎಳೆದ ಕಾಲು, ನಂಗೇ ಮೊದಲು ಒದಿ."

ಲಕ್ಷ್ಮಣಪ್ಪ ಎದ್ದ. ಎದ್ದನೆಂದರೆ ಅರ್ಧ ಎದ್ದ. ಅಷ್ಟರಲ್ಲಿ ಸೊಂಟದಲ್ಲಿ ಆ ಹಳೆಯ ಬೀಗ ಬಿತ್ತು. ಸಂಜೆಯ ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಜಗಲಿಯ ಮೇಲೆ ಒಬ್ಬ ಮುದುಕಿ ಬೋರಲು ಬಿದ್ದು ಒದಿ ಒದಿ ಎನ್ನುತ್ತಿದ್ದಾಳೆ, ಅವಳ ಮೇಲೆ ಊರಿನ ಹೆಸರಾಂತ ಆಟಗಾರ ಕೊಕ್ಕರೆಯಂತೆ ಬಗ್ಗಿ ನಿಂತಿದ್ದಾನೆ. ಬೀದಿಯ ತಿರುವಿನಲ್ಲಿ ಅಕ್ಕಯ್ಯಮ್ಮ ಖಾಲಿ ಬುಟ್ಟಿ ಹಿಡಿದುಕೊಂಡು ಬರುತ್ತಿದ್ದಳು. ದ್ಯಾವಮ್ಮನ ಮುಖ ಕಂಡಳು, ತಮ್ಮನ ಮುಖ ಕಂಡಳು, ಬುಟ್ಟಿಯನ್ನು ಕೈಬಿಟ್ಟಳು.

ಮುದುಕಿಯನ್ನು ಎಬ್ಬಿಸಿ, ಕಾಫಿ ಕುಡಿಸಿ, ಬನಶಂಕರಿಯ ಜೊತೆ ಮೊಮ್ಮಗನ ಮನೆಗೆ ಕಳಿಸಿದ್ದಾಯಿತು. ಒಳಗೆ ಗೋಡೆಗೆ ಕೈ ಕೊಟ್ಟು ನಿಂತಿದ್ದ ಲಕ್ಷ್ಮಣಪ್ಪ ಅಕ್ಕನ ಕಡೆ ತಿರುಗಲೂ ಆಗದೆ ಗೋಡೆಯನ್ನೇ ಕೇಳಿದ.

"ಅವ್ವ ನನ್ನ ನೋಡ್ಲೇ ಇಲ್ವಾ?"

"ಇಲ್ಲ" ಎಂದಳು ಅಕ್ಕಯ್ಯಮ್ಮ.

"ಎಣ್ಣೆ ತೀಡ್ತಿದ್ದಿದ್ದು?"

"ನಾನು."

"ಮೂಗು ನೋಡಿ ನಗ್ತಿದ್ದಿದ್ದು?"

"ಅದೂ ನಾನೇ ಕಣೋ. ಅವ್ವ ಇದ್ದಿದ್ರೆ ನಗ್ತಿದ್ಲು ಅಂತ ಗೊತ್ತಿತ್ತು ನಂಗೆ."

ಆಮೇಲೆ ಅವಳು ಹೇಳಿದಳು, ರಾಟೆಯ ಪಕ್ಕ ಕುಕ್ಕುರುಗಾಲಲ್ಲಿ ಕೂತು, ನೆಲ ನೋಡಿಕೊಂಡು. ಅವನಿಗೆ ಐದು ವರ್ಷವಾಗಿದ್ದಾಗ ಮಧುರೆ ಕಡೆಯ ಗಾಡಿಯವನೊಬ್ಬ ಸೊಂಟ ಹಿಡಿದುಕೊಂಡು ಮನೆಗೆ ಬಂದ. ಬೈಲಪ್ಪನ ಮಕ್ಕಳಲ್ಲಿ ಯಾರೋ ಕಾಲು ಮುಂದಾಗಿ ಹುಟ್ಟಿದವರಿದ್ದಾರಂತಲ್ಲ ಎಂದು ಕೇಳಿದ. ಹುಡುಗ ಬಾಗಿಲಲ್ಲಿ ಗೋಲಿ ಆಡುತ್ತಿದ್ದ. ಇವನೇ ಎಂದರೆ ಒದೆಯ ಜೊತೆಗೆ ಊರಿನ ಮಾತೂ ಬರುತ್ತದೆ. ಕಾಲಿಡುತ್ತಲೇ ತಾಯಿಯನ್ನು ತಿಂದವನು ಎನ್ನುತ್ತಾರೆ, ಅವನಿಗೂ ಕೇಳಿಸುತ್ತದೆ. ಮಧುರೆಯಲ್ಲಿ ಹಾಗೆ ಅಂದವರಿದ್ದರು. ಅಕ್ಕಯ್ಯಮ್ಮನಿಗೆ ಆಗ ಹದಿನೇಳು. ನಾನೇ, ಮಲಗಪ್ಪ ಎಂದಳು. ಗಾಡಿಯವನ ಸೊಂಟ ಅದು ಹೇಗೋ ಬಿಟ್ಟಿತು. ಅವತ್ತಿನಿಂದ ಊರೆಲ್ಲ ಅವಳ ಕಾಲಿಗೆ ಬಂತು.

ಲಕ್ಷ್ಮಣಪ್ಪನಿಗೆ ಅಳು ಬಂತು. ಅದರ ಬೆನ್ನಿಗೇ ಸಿಟ್ಟೂ ಬಂತು. ಅಳುವುದಕ್ಕಿಂತ ಸಿಟ್ಟು ಸುಲಭ, ಅವನು ಅದನ್ನೇ ಹಿಡಿದುಕೊಂಡ.

"ಊರಿಗೆ ಸುಳ್ಳು ಒದೆ ಕೊಟ್ಟೆ, ಹೋಗ್ಲಿ. ನಂಗೂ ಮೂರು ವರ್ಷ ಸುಳ್ಳು ಒದೆ! ಅದನ್ನ ನಂಬ್ಕೊಂಡು ನಾನು ನಾಳೆ ಫೈನಲ್ಲಿಗೆ ಹೋಗ್ತೀನಿ ಅಂದ್ನಲ್ಲ. ಈಗ ಯಾರು ಒದೀತಾರೆ ನಂಗೆ? ನನ್ನ ಕಾಲು ನನ್ನ ಬೆನ್ನಿಗೆ ಎಟುಕ್ತದಾ?"

"ಒದೆ ಸುಳ್ಳು ಕಣೋ. ಮೂರು ವರ್ಷ ನೆಟ್ಟಗೆ ನಿಂತು ಆಡಿದ್ಯಲ್ಲ, ಆ ಸೊಂಟ ಸುಳ್ಳಾ?"

"ಅದು ಹೆಂಗಾಯ್ತು ಮತ್ತೆ?"

"ಚಾಪೆ ಮೇಲೆ ನೀನು ಮಾಡಿದ್ದು ಏನು? ಡಾಕ್ಟರು ಹೇಳಿದ್ದೂ ಅದೇ ಅಲ್ವಾ? ಹೇಳಿದ್ರೆ ಕೇಳೋ ಜಾತಿನಾ ನಿಂದು? ಅದಕ್ಕೇ ಕೊನೇಲಿ ಒಂದು ಒದೆ ಇಟ್ಟೆ, ಹಬ್ಬದೂಟಕ್ಕೆ ಹೋಳಿಗೆ ಇಟ್ಟಂಗೆ."

ಅವನು ರಾತ್ರಿ ಊಟ ಮಾಡಲಿಲ್ಲ. ಮೂರು ವರ್ಷದಿಂದ ತಾನು ಡಾಕ್ಟರ ಮಾತನ್ನೇ ಕೇಳಿಕೊಂಡು ಬಂದಿದ್ದೇನೆ ಎಂಬುದು, ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡೆ ಎಂಬುದು, ಎರಡೂ ಒಂದೇ ಸಂಜೆ ತಲೆಯೊಳಗೆ ಹಿಡಿಸುವುದಾದರೂ ಹೇಗೆ? ಬನಶಂಕರಿ ಬಂದು, "ಮಾವ, ನಾಳೆ ಬರಲ್ಲ ಅಂತ ಹೇಳಿ ಕಳಿಸ್ಲಾ?" ಎಂದಾಗ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡ.

ಬೆಳಗಿನ ಐದಕ್ಕೆ ಎಚ್ಚರವಾಯಿತು. ಯಾರೂ ಎಬ್ಬಿಸಲಿಲ್ಲ, ಮೈಯೇ ಎದ್ದಿತು. ಎದ್ದಿತೆಂದರೆ ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಹಲ್ಲು ಕಚ್ಚಿಕೊಂಡು ಚಾಪೆಯ ತನಕ ತೆವಳಿತು. ಯಾವುದನ್ನೂ ನಂಬುವ ಸ್ಥಿತಿಯಲ್ಲಿ ಅವನಿರಲಿಲ್ಲ. ಆದರೂ ಒಂದು ಮಂಡಿಯನ್ನು ಎದೆಗೆ ಎಳೆದುಕೊಂಡ. ಅರ್ಧ ಬಂತು. ಹತ್ತು ಎಣಿಸಿದ. ಇನ್ನೊಂದು ಮಂಡಿ. ಬೆಕ್ಕು, ಚುಚ್ಚಿದಲ್ಲಿ ನಿಲ್ಲಿಸಿ, ಎಳೆದಲ್ಲಿ ಮುಂದುವರಿಸಿ. ಸೊಂಟ ಎತ್ತುವುದು ಮೊದಲ ಸಲ ಆಗಲಿಲ್ಲ, ಮೂರನೆಯ ಸಲ ಆಯಿತು. ಕೊನೆಗೆ ಬೋರಲಾಗಿ ಹೆಡೆ ಎತ್ತಿ ಇಳಿಸಿ, ಅಭ್ಯಾಸಬಲದಿಂದ ಹಾಗೇ ಮಲಗಿ ಕಾದ. ಪಂದ್ಯದ ಬೆಳಿಗ್ಗೆ ಬೆನ್ನಿಗೆ ತಾಗುವ ಆ ಬೆಚ್ಚನೆಯ ಪಾದಕ್ಕೆ ಕಾದ. ಬಾಗಿಲ ಹಿಂದೆ ಅಕ್ಕ ನಿಂತಿರುವುದು ಗೊತ್ತಾಗುತ್ತಿತ್ತು. ಅವಳು ಬರಲಿಲ್ಲ, ಅವನೂ ಕರೆಯಲಿಲ್ಲ.

ಕೊನೆಗೆ ತಾನೇ ಎದ್ದ. ಪೂರ್ತಿ ನೆಟ್ಟಗಲ್ಲ, ಆದರೆ ಎದ್ದ. ಕೆರೆ ಏರಿಯ ಮೇಲೆ ಹೋಗಿ ಬರುವಷ್ಟರಲ್ಲಿ ನೆಟ್ಟಗೂ ಆಗಿದ್ದ. ಅವನಿಗೇ ಗಾಬರಿಯಾಯಿತು.

ದೇವನಹಳ್ಳಿಯಲ್ಲಿ ಮುನಿಸ್ವಾಮಿ ಬಿಳಿ ಚಡ್ಡಿ ಹಾಕಿಕೊಂಡು, ಬ್ಯಾಟು ಹಿಡಿದು, ಗೆರೆಯ ಪಕ್ಕದಲ್ಲೇ ಕೂತಿದ್ದ. ಮೊದಲ ಆಟ ಸೋತರು, ಎರಡನೆಯದು ಗೆದ್ದರು. ಮೂರನೆಯದು ಇಪ್ಪತ್ತೆಂಟು ಇಪ್ಪತ್ತಾರಾಗಿತ್ತು, ಇವರು ಮುಂದೆ, ಇನ್ನೊಂದು ಪಾಯಿಂಟು ಬಂದರೆ ಗೆಲುವು. ಆಗ ಅದೇ ಚೆಂಡು ಬಂತು. ಅದೇ ಅಂದರೆ ಅದೇ, ನೆಟ್ಟಿನ ಅಂಚು ಸವರಿಕೊಂಡು ಸತ್ತ ಹಾಗೆ ಕೆಳಗೆ ಜಾರಿತು. ಒದೆ ಬಿದ್ದಿಲ್ಲ ಎಂದು ಲಕ್ಷ್ಮಣಪ್ಪನ ತಲೆ ಕೂಗಿತು. ಮಂಡಿಗಳು ತಲೆಯನ್ನು ಕೇಳದೆ ತಾವಾಗಿ ಮಡಚಿಕೊಂಡವು. ಚೆಂಡು ಎದ್ದಿತು, ಎದುರಾಳಿಗಳಿಬ್ಬರ ನಡುವೆ ಬಿದ್ದಿತು. ಅವನೂ ಎದ್ದ. ಆದಿನಾರಾಯಣಪ್ಪ ಪಂಚೆ ಬಿಚ್ಚಿಹೋಗುತ್ತಿದ್ದರೂ ಲೆಕ್ಕಿಸದೆ ಒಳಗೆ ನುಗ್ಗಿ ಬಂದು ಅಪ್ಪಿಕೊಂಡ.

"ನಿಮ್ಮಕ್ಕನ ಕಾಲಿಗೆ ನಾನೇ ಬೆಳ್ಳಿ ಕಡಗ ಹಾಕಿಸ್ತೀನಿ ಕಣಯ್ಯಾ!" ಎಂದ.

ಕಪ್ಪು ಹಿಡಿದುಕೊಂಡು ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಬೀದಿಯಲ್ಲಿ ಎದುರಾದ ಬನಶಂಕರಿ ಅಲ್ಲೇ ಹೆಂಗಸರಿಗೆ ಸುದ್ದಿ ಹೇಳಲು ನಿಂತಳು. ಒಳಗೆ ಕಂಡಿಕೆ ಕೋಣೆಯ ಬಾಗಿಲು ಮುಚ್ಚಿತ್ತು. ಜಪದ ಹೊತ್ತಲ್ಲ, ಆದರೂ ಮುಚ್ಚಿತ್ತು. ಅವನು ಇಷ್ಟು ಬೇಗ ಬರುವುದು ಅವಳಿಗೆ ಗೊತ್ತಿರಲಿಲ್ಲವೋ, ಅವಸರದಲ್ಲಿ ಅಗುಳಿ ಹಾಕಲು ಮರೆತಿದ್ದಳೋ, ತಳ್ಳಿದರೆ ತೆರೆದುಕೊಂಡಿತು.

ನೆಲದ ಮೇಲೆ ಹಳೆಯ ಚಾಪೆ. ಅದರ ಮೇಲೆ ಐವತ್ತೇಳು ವರ್ಷದ ಅಕ್ಕಯ್ಯಮ್ಮ, ಸೆರಗನ್ನು ಸೊಂಟಕ್ಕೆ ಬಿಗಿದು, ನಾಲ್ಕು ಕಾಲಿನ ಮೇಲೆ ನಿಂತು, ಬೆಕ್ಕಿನ ಹಾಗೆ ಬೆನ್ನು ಏರಿಸುತ್ತಿದ್ದಳು. ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿದ್ದಳು. ಲಕ್ಷ್ಮಣಪ್ಪನ ಕೈಯಲ್ಲಿದ್ದ ಕಪ್ಪು ಬಾಗಿಲಿಗೆ ತಾಗಿ ಠಣ್ಣೆಂದಿತು.

"ಅಕ್ಕಾ! ಇದಾ ನಿನ್ನ ಜಪ?"

ಅವಳು ಗಡಬಡಿಸಿ ಕೂತು ಸೆರಗು ಸರಿಮಾಡಿಕೊಂಡಳು. ಕಪ್ಪನ್ನು ನೋಡಿದಳು. "ಗೆದ್ಯಾ? ಗೆದ್ಬಿಟ್ಯಾ!" ಎಂದು ಮುಖವರಳಿಸಿದಳು.

"ಅದಿರ್ಲಿ. ಎಷ್ಟು ದಿನದಿಂದ ನಿಂಗೆ ಸೊಂಟ ನೋವು?"

"ದಿನ ಏನು ಬಂತು. ನಿನ್ನ ಎತ್ಕೊಂಡು ಬಂದೆ, ಆಮೇಲೆ ರಾಟೆ ಮುಂದೆ ಕೂತೆ. ಆಗಿಂದ ಇದ್ದದ್ದೇ." ಅವಳು ನಾಚಿಕೊಂಡಳು. "ಮೊದಲು ನಾವು ಬಾಡಿಗೆಗಿದ್ದ ಮನೆ ಹಿಂದೆ ಗರಡಿ ಇತ್ತು. ಅಲ್ಲಿ ಉಸ್ತಾದರು ವಯಸ್ಸಾದ ಪೈಲ್ವಾನರಿಗೆ ಸೊಂಟಕ್ಕೆ ಅಂತ ಇದನ್ನೆಲ್ಲ ಮಾಡಿಸ್ತಿದ್ರು. ಗೋಡೆ ಸಂದಿಯಿಂದ ನೋಡಿ ಕಲ್ತೆ."

ಹೆಂಗಸಿನ ನೆರಳೂ ಬೀಳಬಾರದ ಗರಡಿಮನೆ! ತನ್ನ ಅಕ್ಕ, ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ, ಗೋಡೆಗೆ ಕಣ್ಣಿಟ್ಟು ನಿಂತದ್ದು! ಲಕ್ಷ್ಮಣಪ್ಪ ಚಾಪೆಯ ಅಂಚಿನಲ್ಲಿ ಕೂತ. ಇನ್ನೊಂದು ಪ್ರಶ್ನೆ ಉಳಿದಿತ್ತು, ಅದನ್ನು ಕೇಳಲು ಅವನಿಗೇ ಭಯ.

"ಕಾಲು ಮುಂದಾಗಿ ಹುಟ್ಟಿದೋರು ಒದ್ರೆ ಹೋಗ್ತದೆ ಅನ್ನೋದನ್ನ ನೀನು ನಂಬಲ್ವಾ ಅಕ್ಕಾ?"

"ನಂಬದೆ ಏನು! ನನ್ನ ಕಾಲು ಸುಳ್ಳು ಅಂತ ಮಾತು ಸುಳ್ಳಾಗ್ತದಾ? ನಮ್ಮಜ್ಜಿಗೆ ಹೋಗಿದ್ದು ನಾನೇ ಕಣ್ಣಾರೆ ನೋಡಿದೀನಿ."

"ಮತ್ತೆ ನಾನು ಇದೇ ಮನೇಲಿದ್ನಲ್ಲ! ನಲವತ್ತು ವರ್ಷ ನಿನ್ನ ಕಣ್ಣೆದುರಿಗೇ ಓಡಾಡ್ತಿತ್ತಲ್ಲ ಈ ಕಾಲು! ಒಂದು ಸಲ ಒದಿ ಅನ್ಬೋದಿತ್ತಲ್ಲ!"

ಅಕ್ಕಯ್ಯಮ್ಮ ಅವನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದಳು.

"ಹೆಂಗೆ ಅನ್ಲಿ? ಯಾಕೆ ಅಂತ ಕೇಳ್ತಿದ್ದೆ ನೀನು."

ಊರಿನವರನ್ನೆಲ್ಲ ಒದ್ದು ಕಳಿಸಿ, ಅಕ್ಕ ತಾನು ಬಾಗಿಲು ಹಾಕಿಕೊಂಡು ಹಲ್ಲು ಕಚ್ಚಿದ್ದಳು. ಔಷಧ ಅಂಗಳದಲ್ಲಿ ಗೋಲಿ ಆಡಿತ್ತು, ಬ್ಯಾಟು ಹಿಡಿದು ಮೆರೆದಿತ್ತು, ಸೊಂಟ ಹಿಡಿಯಿತೆಂದು ಅವಳ ಮುಂದೆಯೇ ಅತ್ತಿತ್ತು. ಒಂದು ಮಾತು ಕೇಳಿದ್ದರೆ ಅವಳ ನೋವು ಹೋಗುತ್ತಿತ್ತು, ಕನಿಷ್ಠ ಹೋಗುತ್ತದೆಂದು ಅವಳು ನಂಬಿದ್ದಳು. ಆ ಮಾತನ್ನು ಅವಳು ನಲವತ್ತು ವರ್ಷ ಕೇಳಲಿಲ್ಲ.

"ಈಗ ಗೊತ್ತಾಯ್ತಲ್ಲ" ಎಂದಳು ಅಕ್ಕಯ್ಯಮ್ಮ. ಚಾಪೆಯ ಮೇಲೆ ನಿಧಾನವಾಗಿ, ಮೊದಲು ಪಕ್ಕಕ್ಕೆ ಒರಗಿ, ಆಮೇಲೆ ಬೋರಲಾದಳು. ಕೆನ್ನೆಯನ್ನು ಕೈಮೇಲಿಟ್ಟುಕೊಂಡು ಹೇಳಿದಳು: "ಒದಿ. ಎಡಗಾಲು. ಮೂರು ಸಲ."

ಹೆತ್ತವಳಿಗಿಂತ ಹೆಚ್ಚಿನವಳ ಮೇಲೆ ಕಾಲಿಡಬೇಕು. ಕಪ್ಪನ್ನು ಗೋಡೆಯ ಬದಿಗಿಟ್ಟು ಅವನು ಎದ್ದ. ಪಾದ ಊರಿದ, ಎತ್ತಿದ. ಊರಿದ, ಎತ್ತಿದ. ಮೂರನೆಯ ಸಲ ಊರಿದವನು ಎತ್ತಲಾರದೆ ಅಲ್ಲೇ ಕುಸಿದು ಅವಳ ಪಾದಗಳನ್ನು ಹಿಡಿದುಕೊಂಡು ಗಟ್ಟಿಯಾಗಿ ಅತ್ತ.

"ಹೋಯ್ತಾ ಅಕ್ಕಾ?" ಎಂದು ಕೇಳಿದ, ಅಳು ನಿಂತ ಮೇಲೆ.

"ಹೋಯ್ತು ಕಣೋ. ಪೂರ್ತಿ ಹೋಯ್ತು" ಎಂದಳು ಅವಳು, ಮುಖ ತಿರುಗಿಸದೆ.

ಅಕ್ಕಯ್ಯಮ್ಮ ಎಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆಂಬುದು ಅವನಿಗೆ ಹಿಂದಿನ ಸಂಜೆಯಷ್ಟೇ ತಿಳಿದಿತ್ತು. ಮರುದಿನ ಬೆಳಗಿನ ಐದಕ್ಕೆ ಅವನು ಎದ್ದು, ತನ್ನ ಚಾಪೆಯ ಪಕ್ಕದಲ್ಲಿ ಅವಳದನ್ನೂ ಹಾಸಿ, ಹೋಗಿ ಅವಳನ್ನು ಎಬ್ಬಿಸಿದ.